ಚಳಿಯ ಬೆಳಗಿನಲ್ಲಿ ಕಾರಿನ ಗ್ಲಾಸ್ ನಿಧಾನವಾದರೆ

"ಬೆಳಿಗ್ಗೆ ಹೊತ್ತು ಗ್ಲಾಸ್ ಏರೋದೇ ಇಲ್ಲ ಸಾರ್. ಬಿಸಿಲು ಬಂದ ಮೇಲೆ ನೋಡಿದ್ರೆ ಸಲೀಸಾಗಿ ಓಡುತ್ತೆ." ಡಿಸೆಂಬರ್, ಜನವರಿಯಲ್ಲಿ ಚಿಕ್ಕಬಳ್ಳಾಪುರ ಸುತ್ತಲಿನ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತಿದು. ಸ್ವಿಚ್ ಒತ್ತಿದರೆ ಗ್ಲಾಸು ತೆವಳುತ್ತಾ ಏರುತ್ತದೆ. ಇಲ್ಲವೇ ಮುಕ್ಕಾಲು ಏರಿ ನಿಂತುಬಿಡುತ್ತದೆ. ಕೆಲವು ಕಾರುಗಳಲ್ಲಿ ಮೇಲಿನ ಅಂಚಿನವರೆಗೂ ಹೋಗಿ ತಾನಾಗಿಯೇ ಕೆಳಗಿಳಿಯುತ್ತದೆ. ಮಧ್ಯಾಹ್ನ ಮೆಕ್ಯಾನಿಕ್ ಮುಂದೆ ಕಾರು ನಿಲ್ಲಿಸಿದಾಗ ತೊಂದರೆ ಕಾಣಿಸುವುದೇ ಇಲ್ಲ. "ಮೋಟರ್ ಹೋಗಿರಬೇಕು, ಬದಲಾಯಿಸಿಬಿಡೋಣ" ಎಂಬ ಸಲಹೆ ಸಿಗುತ್ತದೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಮರುದಿನ ಮುಂಜಾನೆ ಅದೇ ಕಥೆ ಎದುರಾಗಬಹುದು.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಇರುವ ಊರುಗಳು. ಇಲ್ಲಿನ ಬದುಕು ನಸುಕಿನಲ್ಲೇ ಶುರುವಾಗುತ್ತದೆ. ಹೂವು, ತರಕಾರಿ ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ, ರೇಷ್ಮೆಗೂಡು ಶಿಡ್ಲಘಟ್ಟಕ್ಕೆ, ಟೊಮೆಟೊ ಚಿಂತಾಮಣಿಗೆ ಹೊರಡುವುದು ಬೆಳಕು ಹರಿಯುವ ಹೊತ್ತಿಗೆ. ವಾರಾಂತ್ಯದಲ್ಲಿ ಸೂರ್ಯೋದಯ ನೋಡಲು ನಂದಿಬೆಟ್ಟ ಹತ್ತುವ ಕಾರುಗಳ ಸಾಲೂ ಇದಕ್ಕೆ ಸೇರುತ್ತದೆ. ಇಬ್ಬನಿ ಕೂತ ಪಕ್ಕದ ಗ್ಲಾಸಿನಿಂದ ಕನ್ನಡಿ ಕಾಣದೇ ಹೋದಾಗ, ಚೆಕ್‌ಪೋಸ್ಟಿನಲ್ಲಿ ಹಣ ಕೊಡಬೇಕಾದಾಗ, ಮಂಜಿನ ತಿರುವಿನಲ್ಲಿ ಎದುರು ವಾಹನದ ಹಾರ್ನ್‌ಗೆ ಕಿವಿಗೊಡಬೇಕಾದಾಗ ಗ್ಲಾಸು ಚಕ್ಕನೆ ಇಳಿಯಬೇಕು, ಚಕ್ಕನೆ ಏರಬೇಕು. ಹಾಗಾಗಿ ಇದನ್ನು ಚಿಕ್ಕ ತೊಂದರೆಯೆಂದು ಬಿಡುವಂತಿಲ್ಲ.

ಸಮಾಧಾನದ ಸಂಗತಿ ಎಂದರೆ, ಈ ತೊಂದರೆ ಬಹಳ ಸಲ ಒಂದು ಬಟ್ಟೆ ಚೂರು, ಸ್ವಲ್ಪ ನೀರು ಮತ್ತು ಒಂದು ಡಬ್ಬಿ ಸಿಲಿಕೋನ್ ಸ್ಪ್ರೇಯಲ್ಲಿ ಬಗೆಹರಿಯುತ್ತದೆ. ಆದರೆ ಕಾರಣವನ್ನು ಮೊದಲು ಸರಿಯಾಗಿ ಗುರುತಿಸಬೇಕು.

ಚಳಿಯ ಪಾಲು ಎಷ್ಟು?

ಹಿಮ ಬೀಳುವ ದೇಶಗಳಲ್ಲಿ ಗ್ಲಾಸು ರಬ್ಬರಿಗೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಅಲ್ಲಿನವರು ಮಂಜುಗಡ್ಡೆ ಕರಗಿಸುವ ದ್ರವ ಸಿಂಪಡಿಸುತ್ತಾರೆ. ಆ ಉಪಾಯಗಳು ನಮಗೆ ಬೇಕಿಲ್ಲ. ನಮ್ಮಲ್ಲಿ ಚಳಿಗಾಲದ ಮುಂಜಾನೆ ಸಾಮಾನ್ಯವಾಗಿ 10ರಿಂದ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಪಕ್ಕದ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. 1,478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿಯಲ್ಲಿ ಗಾಳಿ ಇನ್ನಷ್ಟು ತಣ್ಣಗಿರುತ್ತದೆ, ಆದರೆ ಕಾರಿನ ಗ್ಲಾಸು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುವುದಿಲ್ಲ.

ಹಾಗಾದರೆ ಗ್ಲಾಸು ನಿಧಾನವಾಗುವುದೇಕೆ? ತೊಂದರೆ ಬೆಳೆಯುವುದು ಬೇಸಿಗೆಯಲ್ಲಿ, ಕಾಣಿಸಿಕೊಳ್ಳುವುದು ಚಳಿಯಲ್ಲಿ. ಮಾರ್ಚ್‌ನಿಂದ ಮೇ ತನಕದ ಬಿಸಿಲು ಬಾಗಿಲಿನ ರಬ್ಬರನ್ನು ಒಣಗಿಸಿ ಗಡುಸು ಮಾಡುತ್ತದೆ. ಅದೇ ಬಿಸಿಲು ಬ್ಯಾಟರಿಯ ಆಯುಸ್ಸನ್ನೂ ತಿನ್ನುತ್ತದೆ. ಕೆಮ್ಮಣ್ಣಿನ ಹೊಲದ ದಾರಿ, ಜಲ್ಲಿ ಕ್ರಷರ್, ಟಿಪ್ಪರ್‌ಗಳು ಎಬ್ಬಿಸುವ ಧೂಳು ಗ್ಲಾಸು ಓಡಾಡುವ ಕಾಲುವೆಯಲ್ಲಿ ವರ್ಷವಿಡೀ ಸೇರುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೋಟರು ಇದನ್ನೆಲ್ಲ ಹೇಗೋ ನಿಭಾಯಿಸುತ್ತದೆ. ಚಳಿ ಬಂದಾಗ ರಬ್ಬರು ಇನ್ನಷ್ಟು ಬಿಗಿಯಾಗುತ್ತದೆ, ಹಳೆಯ ಗ್ರೀಸು ಗಟ್ಟಿಯಾಗುತ್ತದೆ, ಬ್ಯಾಟರಿಯ ಕಸುವು ತುಸು ಕುಗ್ಗುತ್ತದೆ, ಇಬ್ಬನಿಯ ನೀರು ಧೂಳಿನೊಂದಿಗೆ ಕಲಸಿ ಕೆಸರಾಗುತ್ತದೆ. ಇವುಗಳಲ್ಲಿ ಒಂದೊಂದೂ ಸಣ್ಣದೇ. ನಾಲ್ಕೂ ಸೇರಿದಾಗ ಮೋಟರು ಸೋಲುತ್ತದೆ.

ಆದ್ದರಿಂದ ಮದ್ದು ಇರುವುದು ಕಾರನ್ನು ಬೆಚ್ಚಗಿಡುವುದರಲ್ಲಲ್ಲ. ಧೂಳು, ರಬ್ಬರು, ಬ್ಯಾಟರಿ ಈ ಮೂರನ್ನೂ ಸರಿಯಾಗಿ ಇಟ್ಟುಕೊಳ್ಳುವುದರಲ್ಲಿ.

ಬಾಗಿಲಿನೊಳಗೆ ಏನಿದೆ?

ಬಾಗಿಲಿನ ಹೊಟ್ಟೆಯಲ್ಲಿ 12 ವೋಲ್ಟಿನ ಚಿಕ್ಕ ಮೋಟರು ಇರುತ್ತದೆ. ಅದು ಹಲ್ಲಿನ ಗಾಲಿಯೊಂದನ್ನು ತಿರುಗಿಸುತ್ತದೆ. ಆ ಗಾಲಿ ಕೇಬಲ್ ಎಳೆದೋ ಕತ್ತರಿಯಂಥ ಕಬ್ಬಿಣದ ತೋಳನ್ನು ಎತ್ತಿಯೋ ಗ್ಲಾಸನ್ನು ಮೇಲೆ ಕೆಳಗೆ ಮಾಡುತ್ತದೆ. ಗ್ಲಾಸು ಎತ್ತುವ ಈ ಇಡೀ ಸಾಧನಕ್ಕೆ ಗ್ಯಾರೇಜಿನಲ್ಲಿ, ಬಿಡಿಭಾಗದ ಅಂಗಡಿಯಲ್ಲಿ 'ಮಷಿನ್' ಎನ್ನುತ್ತಾರೆ. ಗ್ಲಾಸಿನ ಎರಡು ಪಕ್ಕ ಮತ್ತು ಮೇಲೆ ರಬ್ಬರಿನ ಕಾಲುವೆ ಇದೆ, ಅದು ಚಾನೆಲ್. ಅದರ ಒಳಮೈಗೆ ಮಖಮಲ್ಲಿನಂಥ ನವಿರಾದ ಎಳೆ ಅಂಟಿಸಿರುತ್ತಾರೆ, ಗ್ಲಾಸು ಜಾರಲೆಂದು. ಗ್ಲಾಸು ಬಾಗಿಲಿನೊಳಗೆ ಇಳಿಯುವ ಜಾಗದಲ್ಲಿ ಒಳಗೊಂದು, ಹೊರಗೊಂದು ಪಟ್ಟಿ ಇದೆ, ಅದು ಬೀಡಿಂಗ್.

ಮೋಟರಿನ ವೇಗ ಅದಕ್ಕೆ ಸಿಗುವ ವೋಲ್ಟೇಜನ್ನೂ ಅದು ಎತ್ತಬೇಕಾದ ಭಾರವನ್ನೂ ಅವಲಂಬಿಸಿದೆ. ವೋಲ್ಟೇಜ್ ಇಳಿದರೆ ವೇಗ ಇಳಿಯುತ್ತದೆ, ಚಾನೆಲ್ ಬಿಗಿಯಾದರೂ ವೇಗ ಇಳಿಯುತ್ತದೆ. ಎರಡೂ ಒಟ್ಟಿಗೆ ಆದರೆ ಮೋಟರು ಮುಕ್ಕಿರಿಯುತ್ತದೆ. ಗ್ಲಾಸು ಸಲೀಸಾಗಿ ಓಡುವಾಗ ಕೆಲವೇ ಆಂಪಿಯರ್ ಎಳೆಯುವ ಮೋಟರು, ಸಿಕ್ಕಿಕೊಂಡಾಗ ಹಲವು ಪಟ್ಟು ಹೆಚ್ಚು ಎಳೆದು ಬಿಸಿಯಾಗುತ್ತದೆ. ಹಾಗೆ ಬಿಸಿಯಾದಾಗ ಸುಟ್ಟುಹೋಗದಂತೆ ತಾನೇ ನಿಲ್ಲುವ ರಕ್ಷಣೆ ಅನೇಕ ಮೋಟರುಗಳಲ್ಲಿದೆ. ಸ್ವಿಚ್ಚನ್ನು ಪದೇ ಪದೇ ಒತ್ತಿದ ಮೇಲೆ ಗ್ಲಾಸು ಪೂರ್ತಿ ನಿಂತುಹೋಗಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಓಡಿದರೆ ಅದು ಈ ರಕ್ಷಣೆಯ ಕೆಲಸ. ಅಂಥ ಹೊತ್ತಿನಲ್ಲಿ ಸ್ವಿಚ್ಚನ್ನು ಬಿಟ್ಟು ಸುಮ್ಮನಿರುವುದೇ ಒಳ್ಳೆಯದು.

ಮನೆಯ ಮುಂದೆಯೇ ಮಾಡುವ ಪರೀಕ್ಷೆ

ಇದನ್ನು ತೊಂದರೆ ಕಾಣಿಸುವ ಹೊತ್ತಿನಲ್ಲೇ, ಅಂದರೆ ಮುಂಜಾನೆಯೇ ಮಾಡಬೇಕು. ಕಾಗದದಲ್ಲಿ ಬರೆದಿಟ್ಟುಕೊಂಡರೆ ಮೆಕ್ಯಾನಿಕ್‌ಗೂ ಅನುಕೂಲ. ಮೊಬೈಲಿನ ಸ್ಟಾಪ್‌ವಾಚ್ ಸಾಕು.

1. ನಾಲ್ಕೂ ಬಾಗಿಲಿನ ಗ್ಲಾಸನ್ನು ಒಂದೊಂದಾಗಿ ಪೂರ್ತಿ ಇಳಿಸಿ ಏರಿಸಿ. ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆಯಿರಿ. ನಾಲ್ಕೂ ನಿಧಾನವಾಗಿದ್ದರೆ ಅನುಮಾನ ಬ್ಯಾಟರಿಯ ಮೇಲೆ. ಒಂದೇ ನಿಧಾನವಾಗಿದ್ದರೆ ತೊಂದರೆ ಆ ಬಾಗಿಲಿನದೇ. ಚಾಲಕನ ಬಾಗಿಲನ್ನು ಪಕ್ಕದ ಬಾಗಿಲಿನ ಜೊತೆ, ಹಿಂದಿನದನ್ನು ಹಿಂದಿನದರ ಜೊತೆ ಹೋಲಿಸಿ. ಹಿಂದಿನ ಗ್ಲಾಸು ಚಿಕ್ಕದಿರುವುದರಿಂದ ಮುಂದಿನದರ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

2. ಮೊದಲು ಎಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ ನೋಡಿ. ಆಮೇಲೆ ಎಂಜಿನ್ ಶುರು ಮಾಡಿ ನೋಡಿ. ಎಂಜಿನ್ ಓಡುವಾಗ ಗ್ಲಾಸು ಗಮನಿಸುವಷ್ಟು ಚುರುಕಾದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್ ಕಡೆ ಗಮನ ಹರಿಸಿ. ವ್ಯತ್ಯಾಸವೇ ಇಲ್ಲದಿದ್ದರೆ ಚಾನೆಲ್ ಅಥವಾ ಮಷಿನ್ ಕಡೆ ತಿರುಗಿ.

3. ಇಳಿಯುವಾಗ ಸಲೀಸು, ಏರುವಾಗ ಮಾತ್ರ ಒದ್ದಾಟ ಎಂದರೆ ಚಾನೆಲ್ ಬಿಗಿಯಾಗಿದೆ, ಇಲ್ಲವೇ ಮೋಟರು ದುರ್ಬಲವಾಗಿದೆ. ಗ್ಲಾಸಿನ ಭಾರ ಎತ್ತಬೇಕಾದ್ದರಿಂದ ಏರುವುದು ಯಾವಾಗಲೂ ಒಂದಿಷ್ಟು ನಿಧಾನವೇ. ಎರಡೂ ಕಡೆಗೆ ಒಂದೇ ಸಮ ತೆವಳಿದರೆ ವೋಲ್ಟೇಜ್ ಕೊರತೆಯ ಸಂಭವ ಹೆಚ್ಚು.

4. ಪಕ್ಕದ ಬಾಗಿಲಿನ ಗ್ಲಾಸನ್ನು ಚಾಲಕನ ಸ್ವಿಚ್ಚಿನಿಂದಲೂ ಆ ಬಾಗಿಲಿನ ಸ್ವಂತ ಸ್ವಿಚ್ಚಿನಿಂದಲೂ ಓಡಿಸಿ. ಒಂದರಲ್ಲಿ ಚುರುಕು, ಇನ್ನೊಂದರಲ್ಲಿ ಮಂದ ಎಂದರೆ ಮೋಟರು ಸರಿಯಿದೆ, ಮಂದವಾದ ಸ್ವಿಚ್ಚಿನ ಸಂಪರ್ಕಬಿಂದು ಸವೆದಿದೆ.

5. ಕಿವಿಗೊಡಿ. ಗುಂಯ್‌ಗುಡುತ್ತಾ ನಿಧಾನವಾಗಿ ಏರಿದರೆ ಬಿಗಿತ. ಕಟಕಟ ಸದ್ದು ಬಂದರೆ ಕೇಬಲ್ ಎಳೆ ಬಿಚ್ಚಿದೆ ಇಲ್ಲವೇ ಹಲ್ಲು ಸವೆದಿದೆ. ಮೋಟರು ಓಡುವ ಸದ್ದಿದ್ದೂ ಗ್ಲಾಸು ಅಲುಗದಿದ್ದರೆ ಮಷಿನ್ ತುಂಡಾಗಿದೆ. ಸದ್ದೇ ಇಲ್ಲದಿದ್ದರೆ ಫ್ಯೂಸು, ವೈರು, ಸ್ವಿಚ್ಚು ನೋಡಬೇಕು.

6. ಗ್ಲಾಸು ಏರುವಾಗ ಒಂದು ಪಕ್ಕಕ್ಕೆ ವಾಲುತ್ತದೆಯೇ ಎಂದು ಎದುರು ನಿಂತು ನೋಡಿ. ವಾಲಿದರೆ ಮಷಿನಿನ ಹಿಡಿಕೆ ಇಲ್ಲವೇ ಗೈಡ್ ಸಡಿಲವಾಗಿದೆ. ಸ್ಪ್ರೇ ಹೊಡೆದು ಕೂತರೆ ಗ್ಲಾಸು ಒಂದು ದಿನ ಬಾಗಿಲಿನೊಳಗೆ ಬಿದ್ದುಬಿಡುತ್ತದೆ.

ಚಾನೆಲ್ ಶುಚಿ ಮಾಡುವ ಬಗೆ

ಬೆಳಿಗ್ಗೆ ನಿಧಾನ, ಮಧ್ಯಾಹ್ನ ಸರಿ ಎನ್ನುವ ಕಾರಿಗೆ ಮೊದಲು ಮಾಡಬೇಕಾದ ಕೆಲಸ ಇದು. ಒಂದು ಬಾಗಿಲಿಗೆ ಹತ್ತು ಹದಿನೈದು ನಿಮಿಷ ಹಿಡಿಯಬಹುದು.

ಗ್ಲಾಸನ್ನು ಪೂರ್ತಿ ಇಳಿಸಿ, ಕೀ ಆಫ್ ಮಾಡಿ ಜೇಬಿಗೆ ಹಾಕಿಕೊಳ್ಳಿ. ಬೆರಳು ಚಾನೆಲ್‌ನಲ್ಲಿ ಇರುವಾಗ ಮಕ್ಕಳು ಸ್ವಿಚ್ ಒತ್ತುವಂತಾಗಬಾರದು. ತೆಳ್ಳನೆಯ ಹತ್ತಿಬಟ್ಟೆ ಅಥವಾ ಮೈಕ್ರೋಫೈಬರ್ ಬಟ್ಟೆಯನ್ನು ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಕಡ್ಡಿಗೆ ಸುತ್ತಿ, ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿ. ಚಾನೆಲ್‌ನ ಮೇಲಿನ ಮೂಲೆಯಿಂದ ಕೆಳಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಮೊದಲ ಎಳೆತಕ್ಕೇ ಬಟ್ಟೆ ಕೆಂಪಗಾಗುತ್ತದೆ. ಕ್ರಷರ್ ಪಕ್ಕದ ಊರಿನ ಕಾರಾದರೆ ಬೂದುಬಣ್ಣದ ನುಣ್ಣನೆಯ ಕೆಸರು ಬರುತ್ತದೆ. ಬೆರಳುಗಳ ನಡುವೆ ಅದನ್ನು ಉಜ್ಜಿ ನೋಡಿ, ಮರಳಿನ ಕಣ ಚುರುಚುರು ಎನ್ನುತ್ತದೆ. ಗ್ಲಾಸಿನ ಅಂಚಿಗೆ ಉದ್ದುದ್ದ ಗೆರೆ ಹಾಕುವುದೂ ಮಖಮಲ್ಲಿನ ಎಳೆಯನ್ನು ಬೋಳು ಮಾಡುವುದೂ ಈ ಕಣಗಳೇ. ಬಟ್ಟೆ ಬದಲಾಯಿಸುತ್ತಾ, ಅದು ಶುಭ್ರವಾಗಿ ಹೊರಬರುವ ತನಕ ಒರೆಸಿ. ಮೇಲಿನ ಅಡ್ಡ ಚಾನೆಲ್ಲನ್ನೂ ಮರೆಯಬೇಡಿ. ಕೊನೆಯ ಎರಡಂಗುಲ ಏರುವಾಗ ಗ್ಲಾಸು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ.

ಬಾಗಿಲು ತೆರೆದಿಟ್ಟು ಚಾನೆಲ್ ಪೂರ್ತಿ ಒಣಗಲು ಬಿಡಿ. ಆಮೇಲೆ ಸಿಲಿಕೋನ್ ಸ್ಪ್ರೇ ಡಬ್ಬಿಗೆ ಅದರ ಜೊತೆ ಬರುವ ಸಣ್ಣ ಕೊಳವೆ ಸಿಕ್ಕಿಸಿ, ಎರಡೂ ಪಕ್ಕದ ಚಾನೆಲ್‌ಗೆ, ಮೇಲಿನದಕ್ಕೆ ತೆಳುವಾಗಿ ಹೊಡೆಯಿರಿ. ತೊಟ್ಟಿಕ್ಕುವಷ್ಟು ಬೇಡ. ಸೀಟು, ಸ್ವಿಚ್ ಪಟ್ಟಿಯ ಮೇಲೆ ಹಳೆಯ ಬಟ್ಟೆ ಹೊದಿಸಿ. ಐದು ನಿಮಿಷ ಬಿಟ್ಟು ಗ್ಲಾಸನ್ನು ನಾಲ್ಕೈದು ಸಲ ಏರಿಸಿ ಇಳಿಸಿ. ಗ್ಲಾಸಿಗೆ ಅಂಟಿದ ಸಿಲಿಕೋನ್ ಪಸೆಯನ್ನು ಸೋಪುನೀರಿನಿಂದ ಒರೆಸಿಬಿಡಿ, ಇಲ್ಲದಿದ್ದರೆ ರಾತ್ರಿ ಎದುರು ವಾಹನದ ಬೆಳಕು ಗ್ಲಾಸಿನಲ್ಲಿ ಹರಡಿ ಕಣ್ಣು ಕೋರೈಸುತ್ತದೆ. ಮುಂದಿನ ವಿಂಡ್‌ಶೀಲ್ಡಿಗೆ, ಬ್ರೇಕಿಗೆ ಸ್ಪ್ರೇ ತಾಗಲೇಬಾರದು.

ಈಗ ಮತ್ತೆ ಸ್ಟಾಪ್‌ವಾಚ್ ಹಿಡಿಯಿರಿ. ಸಮಯ ಎದ್ದುಕಾಣುವಷ್ಟು ಇಳಿದಿದ್ದರೆ ರೋಗ ಸಿಕ್ಕಿತು.

ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಮಳೆ ತಡೆಯಲು ಹಾಕಿಸುವ ಡೋರ್ ವೈಸರ್‌ಗಳಲ್ಲಿ ಕೆಲವು ಚಾನೆಲ್‌ನ ಒಳಗೇ ಸಿಕ್ಕಿಸುವಂಥವು. ಅವು ಗ್ಲಾಸಿನ ಜಾಗವನ್ನು ಕಿರಿದು ಮಾಡುತ್ತವೆ, ಚಳಿಯಲ್ಲಿ ಮೊದಲು ತೊಂದರೆ ಕೊಡುವುದೂ ಅವೇ. ಬಾಗಿಲಿನ ಹೊರಮೈಗೆ ಅಂಟಿಸುವ ವೈಸರ್‌ನಲ್ಲಿ ಈ ಕಷ್ಟವಿಲ್ಲ. ಹಾಗೆಯೇ ಹಳೆಯ ಸನ್‌ಫಿಲ್ಮಿನ ಅಂಚು ಎದ್ದಿದ್ದರೆ ಅದು ಬೀಡಿಂಗಿಗೆ ಸಿಕ್ಕಿ ಸುರುಳಿಯಾಗುತ್ತದೆ. ಎದ್ದ ಫಿಲ್ಮನ್ನು ತೆಗೆಸಿಬಿಡಿ.

ಕೊಬ್ಬರಿ ಎಣ್ಣೆ ಬೇಡವೇ ಬೇಡ

ಗ್ಲಾಸು ಬಿಗಿಯಾದಾಗ ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಎರಡು ತೊಟ್ಟು ಬಿಟ್ಟರೆ ಆ ಕ್ಷಣ ಗ್ಲಾಸು ಜಾರುತ್ತದೆ ನಿಜ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಗಟ್ಟಿಯಾಗಲು ತೊಡಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಗೂಡಿನಲ್ಲಿರುವ ಬಾಟಲಿ ನೋಡಿ, ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಚಾನೆಲ್‌ನೊಳಗೂ ಆಗುವುದು ಅದೇ. ಸಂಜೆ ಹಾಕಿದ ಎಣ್ಣೆ ಮುಂಜಾನೆಗೆ ಮೇಣವಾಗಿ, ಧೂಳನ್ನೂ ಹಿಡಿದುಕೊಂಡು ಗ್ಲಾಸಿಗೆ ಅಡ್ಡ ನಿಲ್ಲುತ್ತದೆ. ಬಿಸಿಲೇರಿ ಬಾಗಿಲು ಕಾದಾಗ ಕರಗಿ ದಾರಿ ಬಿಡುತ್ತದೆ. ಬೆಳಿಗ್ಗೆ ಮಾತ್ರ ತೊಂದರೆ ಎನ್ನುವವರು ಹಿಂದೆ ಯಾರಾದರೂ ಎಣ್ಣೆ ಹಾಕಿದ್ದರೇ ಎಂದು ಮನೆಯಲ್ಲಿ ಕೇಳಿನೋಡಿ.

ಎಂಜಿನ್ ಆಯಿಲ್, ಗ್ರೀಸು, ಸೀಮೆಎಣ್ಣೆ, ಡೀಸೆಲ್ ಕೂಡ ಬೇಡ. ಕಲ್ಲೆಣ್ಣೆಯಿಂದ ಬಂದ ಇಂಥ ದ್ರವಗಳು ಕಾರಿನ ಬಾಗಿಲಿಗೆ ಬಳಸುವ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಉಬ್ಬಿದ ರಬ್ಬರು ಗ್ಲಾಸನ್ನು ಇನ್ನಷ್ಟು ಒತ್ತಿ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳೂ ಈ ಕೆಲಸಕ್ಕೆ ತಕ್ಕವಲ್ಲ, ಅವು ಬಹುಬೇಗ ಆವಿಯಾಗಿ ಜಿಡ್ಡು ಉಳಿಸುತ್ತವೆ. ಅಂಗಡಿಯಲ್ಲಿ ಕೇಳುವಾಗ "ರಬ್ಬರಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ" ಎಂದೇ ಕೇಳಿ. ಈಗಾಗಲೇ ಎಣ್ಣೆ ಹಾಕಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ ಬೆರೆಸಿ, ಮೇಲೆ ಹೇಳಿದಂತೆ ಒರೆಸಿ ತೆಗೆಯಿರಿ.

ವಾಟರ್ ಸರ್ವಿಸ್ ಮಾಡಿಸುವಾಗಲೂ ಎಚ್ಚರ ಬೇಕು. ರಭಸದ ನೀರನ್ನು ನೇರ ಬೀಡಿಂಗಿನ ಸಂದಿಗೆ ಬಿಟ್ಟರೆ ಮೇಲಿದ್ದ ಮಣ್ಣು ಚಾನೆಲ್‌ನ ಆಳಕ್ಕೆ ಹೋಗಿ ಕೂರುತ್ತದೆ. ಬಾಗಿಲಿನ ತಳದಂಚಿನಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿವೆ. ಅವು ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಂತು ಮಷಿನಿಗೆ ತುಕ್ಕು ಹಿಡಿಸುತ್ತದೆ. ಬಾಗಿಲು ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದರೆ ಊದುಬತ್ತಿ ಕಡ್ಡಿಯಂಥ ಮೊಂಡು ಕಡ್ಡಿಯಿಂದ ಆ ತೂತುಗಳನ್ನು ಬಿಡಿಸಿ.

ಬ್ಯಾಟರಿಯ ಕಡೆ ಒಂದು ಕಣ್ಣು

ನಾಲ್ಕೂ ಗ್ಲಾಸು ಮಂದವಾಗಿದ್ದು, ಜೊತೆಗೆ ಬೆಳಿಗ್ಗೆ ಸೆಲ್ಫ್ ಎಳೆದು ಎಳೆದು ಹೊಡೆಯುತ್ತಿದ್ದರೆ ಚಾನೆಲ್ ಬಿಟ್ಟು ಬ್ಯಾಟರಿ ನೋಡಿ. ಸೀಸ-ಆಮ್ಲದ ಬ್ಯಾಟರಿಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆ ತಂಪಿನಲ್ಲಿ ನಿಧಾನವಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದರ ಸಾಮರ್ಥ್ಯ ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ. ನಮ್ಮ ಚಳಿಗೆ ಕುಗ್ಗುವುದು ಅದಕ್ಕಿಂತ ಕಡಿಮೆ. ಹೊಸ ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲ. ಮೂರು ನಾಲ್ಕು ಬೇಸಿಗೆ ಕಂಡ ಬ್ಯಾಟರಿಗೆ ಇದೇ ಹೆಚ್ಚಾಗುತ್ತದೆ.

ಮಲ್ಟಿಮೀಟರ್ ಇದ್ದವರು ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಬಹುದು. 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಎಂದೇ ಲೆಕ್ಕ. ಮೀಟರು ಇಲ್ಲದವರು ಬ್ಯಾಟರಿ ಅಂಗಡಿಗೆ ಹೋಗಿ ಲೋಡ್ ಟೆಸ್ಟ್ ಮಾಡಿಸಿ.

ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿದ್ದರೆ ವಿದ್ಯುತ್ತು ಅಲ್ಲೇ ತಡೆಯಾಗುತ್ತದೆ. ಎಂಜಿನ್ ಆಫ್ ಮಾಡಿ, ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು, ಪುಡಿ ಕಣ್ಣಿಗೆ ತಾಗಬಾರದು. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ಮೇಲ್ಮೈಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಬೆಳಿಗ್ಗೆ ಹೊರಡುವಾಗ ಹೆಡ್‌ಲೈಟು, ಬ್ಲೋವರು, ಹಿಂದಿನ ಗ್ಲಾಸಿನ ಡಿಫಾಗರು ಎಲ್ಲವನ್ನೂ ಹಾಕಿ, ಎಂಜಿನ್ ಶುರು ಮಾಡದೆ ಕಿಟಕಿ ಓಡಿಸುವ ರೂಢಿ ಬಿಡಿ. ಮೊದಲು ಎಂಜಿನ್, ಆಮೇಲೆ ಗ್ಲಾಸು. ಒಂದೊಂದೇ ಬಾಗಿಲು.

ಎಲೆಕ್ಟ್ರಿಕ್ ಕಾರಿನವರಿಗೂ ಈ ಮಾತು ಅನ್ವಯಿಸುತ್ತದೆ. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ ಕಿಟಕಿಯ ಮೋಟರು ಸಾಮಾನ್ಯವಾಗಿ ನಡೆಯುವುದು ಬೇರೆಯದೇ ಆದ 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ. ಎಂಜಿನ್ ಆನ್ ಮಾಡುವ ಪರೀಕ್ಷೆಯ ಬದಲು ಕಾರನ್ನು 'ರೆಡಿ' ಸ್ಥಿತಿಗೆ ತಂದು ನೋಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಹೆಚ್ಚು ವೋಲ್ಟಿನವು, ಅವನ್ನು ಮುಟ್ಟಕೂಡದು.

ಸ್ವಿಚ್ಚು, ವೈರು, ಫ್ಯೂಸು

ಚಾಲಕನ ಬಾಗಿಲಿನ ಸ್ವಿಚ್ಚು ಎಲ್ಲಕ್ಕಿಂತ ಹೆಚ್ಚು ಸವೆಯುತ್ತದೆ. ಕಿಟಕಿ ತೆರೆದಾಗ ಧೂಳು, ಇಬ್ಬನಿ, ತುಂತುರು ಬೀಳುವುದೂ ಅದರ ಮೇಲೆಯೇ. ರೇಷ್ಮೆ ಬೆಳೆಯುವ ಮನೆಗಳವರು ಇನ್ನೊಂದನ್ನು ಗಮನಿಸಬೇಕು. ಹುಳುಮನೆಯ ಸೋಂಕು ಕಳೆಯಲು ತರುವ ಬ್ಲೀಚಿಂಗ್ ಪೌಡರ್ ಚೀಲವನ್ನು ಕಾರಿನೊಳಗೆ ದಿನಗಟ್ಟಲೆ ಬಿಡಬೇಡಿ. ಅದರಿಂದ ಹೊರಡುವ ಕ್ಲೋರಿನ್ ಲೋಹದ ಸಂಪರ್ಕಬಿಂದುಗಳನ್ನು ತಿನ್ನುತ್ತದೆ, ಮುಚ್ಚಿದ ಕಾರಿನಲ್ಲಿ ಉಸಿರಿಗೂ ಕೆಟ್ಟದ್ದು.

ಬಾಗಿಲು ಒಂದು ಕೋನದಲ್ಲಿ ತೆರೆದಾಗ ಮಾತ್ರ ಗ್ಲಾಸು ಓಡುತ್ತದೆ, ಮುಚ್ಚಿದರೆ ಇಲ್ಲ ಎಂದಾದರೆ ಕೀಲಿನ ಬಳಿ ಇರುವ ರಬ್ಬರ್ ಕೊಳವೆಯೊಳಗಿನ ವೈರು ಮುರಿದಿದೆ. ಸಾವಿರಾರು ಸಲ ಬಾಗಿ ಬಾಗಿ ಅದು ತುಂಡಾಗುತ್ತದೆ. ಇದು ಆಟೊ ಎಲೆಕ್ಟ್ರಿಷಿಯನ್ ಕೆಲಸ. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ಕಾರಣ ಹುಡುಕಿಸಿ. ಹೆಚ್ಚು ಆಂಪಿಯರಿನ ಫ್ಯೂಸು ಹಾಕುವುದು, ತಂತಿ ಸುತ್ತುವುದು ಬೆಂಕಿಗೆ ದಾರಿ.

ಏರಿದ ಗ್ಲಾಸು ತಾನೇ ಇಳಿದರೆ

ಒಮ್ಮೆ ಒತ್ತಿದರೆ ಪೂರ್ತಿ ಏರುವ 'ಆಟೊ ಅಪ್' ಇರುವ ಕಿಟಕಿಗಳಲ್ಲಿ, ಕೈ ಸಿಕ್ಕಿಕೊಂಡರೆ ಗ್ಲಾಸು ಹಿಂದಿರುಗುವ ರಕ್ಷಣೆ ಇರುತ್ತದೆ. ಮೋಟರಿಗೆ ಅಡ್ಡಿ ಎದುರಾದರೆ ಅದು ಕೈಯೋ ಬಿಗಿಯಾದ ರಬ್ಬರೋ ಎಂದು ಯಂತ್ರಕ್ಕೆ ತಿಳಿಯದು. ಚಳಿಯಲ್ಲಿ ಗ್ಲಾಸು ಮೇಲಿನವರೆಗೂ ಹೋಗಿ ಇಳಿಯುವುದು ಇದರಿಂದಲೇ. ಚಾನೆಲ್ ಶುಚಿ ಮಾಡಿ ಸಿಲಿಕೋನ್ ಹೊಡೆದರೆ ಬಹಳಷ್ಟು ಸಲ ನಿಲ್ಲುತ್ತದೆ.

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಅನೇಕ ಕಾರುಗಳು ಗ್ಲಾಸಿನ ಮೇಲಿನ ಗಡಿಯನ್ನು ಮರೆಯುತ್ತವೆ. ಆಗ ಗಡಿಯನ್ನು ಮತ್ತೆ ಕಲಿಸಬೇಕು. ಸಾಮಾನ್ಯ ಕ್ರಮ ಹೀಗಿದೆ: ಗ್ಲಾಸನ್ನು ಪೂರ್ತಿ ಇಳಿಸಿ, ಸ್ವಿಚ್ಚನ್ನು ಮೇಲಕ್ಕೆ ಎಳೆದು ಹಿಡಿದು ಪೂರ್ತಿ ಏರಿಸಿ, ಏರಿದ ಮೇಲೂ ಕೆಲವು ಸೆಕೆಂಡು ಹಿಡಿದೇ ಇರಿ. ಕಾರಿನಿಂದ ಕಾರಿಗೆ ಸಣ್ಣ ವ್ಯತ್ಯಾಸ ಇರುವುದರಿಂದ ಕಾರಿನ ಜೊತೆ ಬಂದ ಪುಸ್ತಕ ನೋಡಿಕೊಳ್ಳಿ. ಗಡಿ ಕಲಿಸುವಾಗ ಕೆಲವು ಕಾರುಗಳಲ್ಲಿ ಆ ರಕ್ಷಣೆ ಕೆಲಸ ಮಾಡುವುದಿಲ್ಲ, ಹತ್ತಿರ ಮಕ್ಕಳಿರಬಾರದು.

ದಾರಿಯಲ್ಲಿ ಗ್ಲಾಸು ನಿಂತುಹೋದರೆ

ಬೆಟ್ಟದ ಮೇಲೆ ಮಂಜಿನಲ್ಲಿ ಗ್ಲಾಸು ಅರ್ಧಕ್ಕೆ ನಿಂತರೆ ಗಾಬರಿ ಬೇಡ. ಸ್ವಿಚ್ ಬಿಟ್ಟು 10–15 ನಿಮಿಷ ಕಾಯಿರಿ, ಮೋಟರು ತಣ್ಣಗಾಗಲಿ. ಎಂಜಿನ್ ಚಾಲೂ ಇಟ್ಟು ಮಿಕ್ಕ ಲೈಟು, ಬ್ಲೋವರ್ ಆಫ್ ಮಾಡಿ. ಒಬ್ಬರು ಸ್ವಿಚ್ ಎಳೆದು ಹಿಡಿಯಲಿ. ಇನ್ನೊಬ್ಬರು ಗ್ಲಾಸಿನ ಒಳಗೂ ಹೊರಗೂ ಅಂಗೈ ಒತ್ತಿ ಮೆಲ್ಲಗೆ ಮೇಲಕ್ಕೆ ತಳ್ಳಲಿ. ಬೆರಳು ಮೇಲಿನ ಅಂಚಿಗೆ ಹೋಗಬಾರದು. ಏರಿದರೆ ಮನೆ ತಲುಪುವ ತನಕ ಮತ್ತೆ ಇಳಿಸಬೇಡಿ. ಮಷಿನ್ ತುಂಡಾಗಿ ಗ್ಲಾಸು ನಿಲ್ಲದಿದ್ದರೆ, ಎತ್ತಿ ಹಿಡಿದು ಅಗಲವಾದ ಟೇಪನ್ನು ಬಾಗಿಲಿನ ಚೌಕಟ್ಟಿನ ಮೇಲಿಂದ ಒಳಗೂ ಹೊರಗೂ ಅಂಟಿಸಿ.

ಗ್ಲಾಸು ಇಳಿಯದೆ ಒಳಗೆ ಮಸುಕಾದರೆ ಎಸಿ ಹಾಕಿ, ಗಾಳಿಯನ್ನು ಮುಂದಿನ ಗ್ಲಾಸಿಗೆ ತಿರುಗಿಸಿ. ಎಸಿ ತೇವ ಹೀರುವುದರಿಂದ ಮಸುಕು ಬೇಗ ಬಿಡುತ್ತದೆ. ಬೆಳಗಾಗುವುದನ್ನು ಕಾಯುತ್ತಾ ಎಂಜಿನ್ ಚಾಲೂ ಇಟ್ಟು, ಎಲ್ಲ ಗ್ಲಾಸು ಮುಚ್ಚಿ ಕಾರಿನಲ್ಲಿ ನಿದ್ದೆ ಮಾಡುವುದು ಮಾತ್ರ ಜೀವಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಗ್ಯಾರೇಜಿಗೆ ಹೋಗಬೇಕಾದಾಗ

ಶುಚಿ ಮಾಡಿದ ಮೇಲೂ ಒಂದೇ ಗ್ಲಾಸು ನಿಧಾನ, ಸದ್ದು, ವಾಲುವಿಕೆ, ಸುಟ್ಟ ವಾಸನೆ ಇದ್ದರೆ ಬಾಗಿಲಿನ ಒಳಹಲಗೆ ಬಿಚ್ಚಲೇಬೇಕು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಕೆಲವು ಕಾರುಗಳ ಬಾಗಿಲಿನಲ್ಲಿ ಏರ್‌ಬ್ಯಾಗಿಗೆ ಸೇರಿದ ಸೆನ್ಸರ್ ಇರುತ್ತದೆ, ಮಷಿನಿನ ಕೇಬಲ್ ಬೆರಳನ್ನು ಕತ್ತರಿಸಬಲ್ಲದು. ಸಾಧ್ಯವಾದರೆ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ತಣ್ಣಗಿರುವಾಗಲೇ ನೋಡಲು ಹೇಳಿ.

ಮೆಕ್ಯಾನಿಕ್‌ಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಗ್ಲಾಸು ಏರುವಾಗ ಮೋಟರಿನ ಕನೆಕ್ಟರಿನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ? ಬ್ಯಾಟರಿಗೂ ಅಲ್ಲಿಗೂ ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ತೊಂದರೆ ವೈರು ಅಥವಾ ಸ್ವಿಚ್ಚಿನದು, ಮೋಟರು ಬದಲಿಸಿ ಫಲವಿಲ್ಲ. ಮಷಿನಿನಿಂದ ಬಿಡಿಸಿದಾಗ ಗ್ಲಾಸು ಕೈಯಲ್ಲಿ ಸಲೀಸಾಗಿ ಜಾರುತ್ತದೆಯೇ? ಜಾರದಿದ್ದರೆ ಬದಲಿಸಬೇಕಾದ್ದು ರಬ್ಬರು. ಮೋಟರು ಬೇರೆ, ಮಷಿನ್ ಬೇರೆ ಸಿಗುತ್ತವೆಯೇ, ಇಲ್ಲಾ ಎರಡೂ ಸೇರಿಯೇ ಬರುತ್ತವೆಯೇ? ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕೈಯಲ್ಲಿ ತಿರುಗಿಸುವ ಹಿಡಿಕೆಯ ಹಳೆಯ ವಾಹನಗಳಿಗೂ ಚಾನೆಲ್ ಶುಚಿಯ ಕ್ರಮ ಒಂದೇ. ಬಿಗಿಯಾದಾಗ ಬಲ ಹಾಕಿ ತಿರುಗಿಸಿದರೆ ಹಿಡಿಕೆಯ ಹಲ್ಲು ಸವೆಯುತ್ತದೆ.

ಯಾವಾಗ ಮಾಡಬೇಕು?

ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ದಿನವೊಂದಿದೆ, ಆಯುಧಪೂಜೆ. ಚಳಿ ಶುರುವಾಗುವ ಮುಂಚೆ ಬರುವ ಹಬ್ಬ. ಆ ದಿನ ಹೇಗೂ ಪ್ರತಿ ಮನೆಯ ಗಾಡಿಯೂ ತೊಳೆಸಿಕೊಂಡು, ಬಾಳೆಕಂದು, ಹೂವಿನ ಹಾರ ಕಟ್ಟಿಸಿಕೊಂಡು ನಿಲ್ಲುತ್ತದೆ. ತೊಳೆಯುವ ಕೆಲಸಕ್ಕೇ ನಾಲ್ಕು ಬಾಗಿಲಿನ ಚಾನೆಲ್ ಒರೆಸುವುದನ್ನೂ ಬ್ಯಾಟರಿಯ ಟರ್ಮಿನಲ್ ನೋಡುವುದನ್ನೂ ಸೇರಿಸಿಕೊಂಡರೆ ಒಂದು ಗಂಟೆ ಹೆಚ್ಚು ಹಿಡಿಯಬಹುದು. ಕ್ರಷರ್ ದಾರಿಯಲ್ಲಿ, ಹೊಲದ ದಾರಿಯಲ್ಲಿ ದಿನಾ ಓಡಾಡುವವರು ಯುಗಾದಿಗೆ ಇನ್ನೊಮ್ಮೆ ಮಾಡಲಿ, ಬೇಸಿಗೆಯ ಬಿಸಿಲಿಗೆ ರಬ್ಬರು ಒಣಗುವ ಮುಂಚೆ. ಹಿಂದಿನ ಸಲದ ಸೆಕೆಂಡುಗಳನ್ನು ಬರೆದ ಕಾಗದ ಡ್ಯಾಶ್‌ಬೋರ್ಡಿನ ಗೂಡಿನಲ್ಲಿರಲಿ. ಈ ಸಲದ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದು ನೋಡಿದರೆ ಯಾವ ಬಾಗಿಲು ಸೋಲತೊಡಗಿದೆ ಎಂಬುದು ಚಳಿ ಬರುವ ಮೊದಲೇ ನಿಮಗೆ ಗೊತ್ತಾಗುತ್ತದೆ.